ಮಂಚದ ಮಾಮ ಕೇಳಿದ ಸದ್ದು

ಸದ್ದು ಬಂದದ್ದು ಮೂರನೆಯ ಜಿಗಿತಕ್ಕೆ.

ಆ ಬುಧವಾರ ಅಲ್ಲಿಯವರೆಗೆ ಎಲ್ಲವೂ ಎಂದಿನಂತೆಯೇ ನಡೆದಿತ್ತು. ಮಾಮ ಬೂಟು ಕಳಚಿ ಗೋಡೆಗೆ ಜೋಡಿಸಿಟ್ಟರು. ಜೇಬಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವನ್ನು ಗಿರಾಕಿಯ ಹೆಂಡತಿಯ ಕೈಗೆ ಕೊಟ್ಟು, "ಒಂದು ನಿಮಿಷ ಹಿಡ್ಕೊಳ್ಳಿ ತಾಯಿ, ಇದು ನನಗಿಂತ ಮೆತ್ತಗಿನ ಜೀವ" ಎಂದರು. ಸ್ಟೂಲು ಹತ್ತಿ, ಅಲ್ಲಿಂದ ಹಾಸಿಗೆಯಿಲ್ಲದ ಬರೀ ಮಂಚದ ಮೇಲೆ ಕಾಲಿಟ್ಟು, ಮೀಸೆ ಸವರಿಕೊಂಡು ತಮ್ಮ ಮಾಮೂಲಿ ಮಂತ್ರ ಶುರುಮಾಡಿದರು.

"ಒಂದು ನಿಮಗೆ!" ಧಡ್.

"ಒಂದು ನಿಮ್ಮ ಮಕ್ಕಳಿಗೆ!" ಧಡ್.

"ಒಂದು ಹೇಳದೆ ಕೇಳದೆ ಬಂದು ತಿಂಗಳುಗಟ್ಟಲೆ ಉಳಿಯೋ ನೆಂಟರಿಗೆ!"

ಧಡ್. ಅದರ ಬೆನ್ನಿಗೇ, ಒಣ ಕಡ್ಡಿ ಮುರಿದ ಹಾಗೆ, ಟಕ್.

ಗಿರಾಕಿ ಹೆಂಡತಿಯ ಮುಖ ನೋಡಿದ, ಹೆಂಡತಿ ಮಂಚದ ಕಾಲು ನೋಡಿದಳು. ಗಲ್ಲಾದಲ್ಲಿ ಕೂತಿದ್ದ ಯಜಮಾನಿ ಪೆನ್ನಿನ ಮುಚ್ಚಳ ಕಚ್ಚುವುದನ್ನು ನಿಲ್ಲಿಸಿದಳು. ಮಾಮ ಎರಡೂ ಕೈ ಚಾಚಿ, ಪಕ್ಕದಲ್ಲಿ ಮಲಗಿದ ಮಗು ಎದ್ದುಬಿಟ್ಟೀತು ಎಂಬಂತೆ ಅಲ್ಲಾಡದೆ ನಿಂತಿದ್ದರು.

"ಏನೋ ಮುರೀತು," ಎಂದ ಗಿರಾಕಿ.

"ಮುರೀತು," ಎಂದರು ಮಾಮ. ಸುಳ್ಳು ಹೇಳಿ ಮಾರುವ ಜಾಯಮಾನ ಅವರದಲ್ಲ. "ಈ ಮಂಚ ನಿಮಗೆ ಬೇಡಮ್ಮ. ನಾನು ಜಿಗಿದು ಸದ್ದು ಬಂದ ಮಂಚ ಈ ಬಾಗಿಲು ದಾಟಲ್ಲ."

ಗಂಡಹೆಂಡತಿ ಕನ್ನಡಕ ವಾಪಸು ಕೊಟ್ಟು ಹೊರಟುಹೋದರು.

ಮಂಚದ ಮಾಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಬೀದಿಯ ಪೀಠೋಪಕರಣದ ಅಂಗಡಿಯಲ್ಲಿ ಅವರು ಮಾರಾಟಕ್ಕೆ ನಿಂತದ್ದು ಈಗಿನ ಯಜಮಾನಿಯ ಅಪ್ಪನ ಕಾಲದಲ್ಲಿ. ಆಗ ಮಾಮನಿಗೆ ಮಾತು ಸಾಲುತ್ತಿರಲಿಲ್ಲ. "ಈ ಮಂಚ ಗಟ್ಟಿ ಇದೆಯೇನಪ್ಪಾ?" ಎಂದು ಯಾರೋ ಒಬ್ಬ ಮುದುಕರು ಕೇಳಿದಾಗ, ಏನು ಹೇಳಬೇಕೆಂದು ತೋಚದೆ, ಹತ್ತಿ ಜಿಗಿದುಬಿಟ್ಟರು. ಮುದುಕರು ಅಲ್ಲೇ ಖರೀದಿಸಿದರು. ಅಂದಿನಿಂದ ಮಾಮ ಬೇರೆ ವಾದ ಹುಡುಕಲಿಲ್ಲ. ವರ್ಷ ಕಳೆದ ಹಾಗೆ ಮಾತೂ ಬಂತು, ತೂಕವೂ ಬಂತು. ಎರಡೂ ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಆ ಬೀದಿಯಲ್ಲಿ ಮಂಚ ಕೊಳ್ಳುವವರು ಯಾವ ಮರ, ಯಾವ ಪಾಲಿಶ್ ಎಂದು ಕೇಳುವುದಿಲ್ಲ. "ಮಾಮ ಜಿಗಿದಿದ್ದಾರಾ?" ಎಂದು ಕೇಳುತ್ತಾರೆ.

ಮಾಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ಅದನ್ನು ಅವರು ಮಹಡಿ ಮೇಲಿನ ಬಾಡಿಗೆದಾರನಂತೆ ಕಂಡಿದ್ದರು. "ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ಎದುರಿಗೆ ಸಿಕ್ಕರೆ ಒಂದು ಮಾತ್ರೆ, ಅಷ್ಟೇ." ಮನೆಯಲ್ಲಿ ಹೆಂಡತಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದರಿಂದ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಬೀರುಗಳ, ಡ್ರೆಸ್ಸಿಂಗ್ ಟೇಬಲ್ಲುಗಳ ಡ್ರಾಯರಿನಲ್ಲಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಬಚ್ಚಿಡುತ್ತಿದ್ದರು. ಒಮ್ಮೆ ಒಂದು ಡ್ರೆಸ್ಸಿಂಗ್ ಟೇಬಲ್ಲು ಬಿಸ್ಕತ್ತಿನ ಸಮೇತ ಮಾರಿಹೋಯಿತು. ಕೊಂಡವರು ಮಾರನೆಯ ದಿನ ಫೋನು ಮಾಡಿ, ಉಡುಗೊರೆ ಬಹಳ ಚೆನ್ನಾಗಿತ್ತು ಎಂದರು. ಏನು ಉಡುಗೊರೆ ಎಂದು ಯಜಮಾನಿ ವಿಚಾರಿಸಿದಾಗ ಮಾಮ ಗೋದಾಮಿನಲ್ಲಿ ಬಹಳ ಹೊತ್ತು ಏನೋ ಹುಡುಕುತ್ತಿದ್ದರು.

ಈಚೆಗೆ ಅಂಗಾಲು ಜೋಮು ಹಿಡಿದಂತಿರುತ್ತಿತ್ತು. ನೆಲದ ತಂಪು, ಕಲ್ಲಿನ ಚೂಪು, ಎರಡೂ ತಿಳಿಯುತ್ತಿರಲಿಲ್ಲ. ಮಾಮ ಅದಕ್ಕೂ ಕಾರಣ ಕಂಡುಕೊಂಡಿದ್ದರು: "ಹಾಸಿಗೆ ಮೇಲೆ ಕುಣಿದು ಕುಣಿದು ನನ್ನ ಕಾಲಿಗೇ ಹಾಸಿಗೆ ಬಂದಿದೆ."

ಇದೆಲ್ಲಕ್ಕೂ ಕಿರೀಟವಿಟ್ಟ ಹಾಗೆ, ಹಿಂದಿನ ವರ್ಷ ಬೀದಿಯ ಕೊನೆಯಲ್ಲಿ ಮೂಳೆಯ ಉಚಿತ ತಪಾಸಣೆ ನಡೆದಿತ್ತು. ಮೂಳೆ ಎಷ್ಟು ದಟ್ಟವಾಗಿದೆ ಎಂದು ಅಳೆಯುವ ಯಂತ್ರ ಮಾಮನ ಸೊಂಟ ನೋಡಿ, ಇವರ ವಯಸ್ಸಿನವರ ಸರಾಸರಿಗಿಂತ ಹೆಚ್ಚೇ ಇದೆ ಎಂದಿತು. ಆ ಹಾಳೆಯನ್ನು ಮಾಮ ಗಲ್ಲಾದ ಗಾಜಿನ ಕೆಳಗೆ ಎಲ್ಲರಿಗೂ ಕಾಣುವಂತೆ ಸೇರಿಸಿಬಿಟ್ಟರು. "ಮಂಚಕ್ಕೆ ನನ್ನ ಗ್ಯಾರಂಟಿ, ನನಗೆ ಮೆಷಿನ್ ಗ್ಯಾರಂಟಿ," ಎನ್ನುವುದು ಮಂತ್ರದ ನಾಲ್ಕನೆಯ ಸಾಲಾಯಿತು.

ಆದ್ದರಿಂದ ಟಕ್ ಎಂದಾಗ ಮುರಿದದ್ದು ಏನು ಎಂಬ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. ಮಾಮನಿಗಂತೂ ಮೊದಲೇ ಇಲ್ಲ.

ಅಂಗಡಿಯ ಹಿಂದೆ ಕಾರ್ಯಾಗಾರ. ಅಲ್ಲಿ ಮಂಚ ಮಾಡುವವನು ಮಾಮನ ಹೆಂಡತಿಯ ತಮ್ಮ. ಕಿವಿಯ ಮೇಲೆ ಪೆನ್ಸಿಲು, ರೆಪ್ಪೆಯ ಮೇಲೆ ಮರದ ಹೊಟ್ಟು, ಕೀಸಿ ಮಿಕ್ಕ ಪಟ್ಟಿಯಂಥ ಸಪೂರ ಮೈ. ಇಪ್ಪತ್ತು ವರ್ಷದಿಂದ ಭಾವ ಜಿಗಿಯುತ್ತಾರೆ, ಭಾವಮೈದ ಮಾಡುತ್ತಾನೆ. ಇಬ್ಬರ ನಡುವೆ ಒಂದು ಮೊಳೆಯಷ್ಟೂ ಜಗಳ ಬಂದಿರಲಿಲ್ಲ.

"ನಿನ್ನ ಮಂಚ ಬಿರುಕು ಬಿಟ್ಟಿದೆ ಕಣೋ," ಎಂದರು ಮಾಮ.

ಬಡಗಿ ತಲೆಯೆತ್ತಲಿಲ್ಲ. "ನನ್ನ ಮಂಚ ಬಿರುಕು ಬಿಡಲ್ಲ ಭಾವ."

"ನಾನೇ ಕೇಳಿದೀನಿ. ಗಿರಾಕಿ ಕೇಳಿದಾನೆ. ಯಜಮಾನಿ ಕೇಳಿದಾಳೆ."

ಆ ಮಧ್ಯಾಹ್ನ ಬಡಗಿ ಊಟಕ್ಕೆ ಹೋಗಲಿಲ್ಲ. ಮಂಚವನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಸಾಲಾಗಿ ಮಲಗಿಸಿದ. ನಾಲ್ಕು ಕಾಲು, ಎರಡು ಉದ್ದನೆಯ ತೊಲೆ, ತಲೆಯ ಕಡೆಯ ಹಲಗೆ, ಅಡ್ಡಪಟ್ಟಿಗಳು. ಒಂದೊಂದನ್ನೂ ಕೊಡತಿಯಿಂದ ತಟ್ಟಿ ಕಿವಿಗಿಟ್ಟು ಕೇಳಿದ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಸೀಮೆಸುಣ್ಣದ ಪುಡಿ ಉಜ್ಜಿ, ಗೆರೆ ಮೂಡುತ್ತದೋ ಎಂದು ಕಾದ. ಎಲ್ಲೂ ಏನೂ ಇಲ್ಲ. ಮತ್ತೆ ಜೋಡಿಸಿ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಹೇಳಿದ:

"ಬಿರುಕು ಎಲ್ಲಿದೆ ತೋರಿಸಿ, ಸಾರ್."

ಇಪ್ಪತ್ತು ವರ್ಷದ ಭಾವ ಆ ಒಂದು ಮಾತಿಗೆ ಸಾರ್ ಆಗಿಹೋದರು. ಮಾಮನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

ಮಾರನೆಯ ದಿನ ಪಂಚಾಯ್ತಿ. ಯಜಮಾನಿಯ ಎದುರಿಗೇ ಪರೀಕ್ಷೆಯಾಗಲಿ ಎಂದರು ಮಾಮ. ಬಡಗಿ ಮಂಚದ ಕೆಳಗೆ ಅಂಗಾತ ಮಲಗಿ ಕಿವಿಗೊಟ್ಟು ಕೇಳುವುದು, ಮಾಮ ಮೇಲೆ ಜಿಗಿಯುವುದು. ಸದ್ದು ಯಾವ ಜಾಗದಿಂದ ಬಂತೋ ಆ ಜಾಗದಲ್ಲಿ ಬಿರುಕು. ಎಂಥ ನ್ಯಾಯಾಧೀಶರೂ ಒಪ್ಪುವ ವಿಧಾನ.

"ನಾನು ಕೆಳಗಿರುವಾಗ ನಿಮ್ಮ ಮಾತೇ ನಿಜವಾಗಿ ಮಂಚ ಮುರಿದ್ರೆ?" ಎಂದ ಬಡಗಿ.

"ಮುರಿಯಲ್ಲ ಅಂತ ನೀನೇ ಹೇಳ್ತಿದೀಯಲ್ಲ."

ಬಡಗಿ ಕೆಳಗೆ ನುಸುಳಿದ. ಮಾಮ ಮೇಲೆ ಹತ್ತಿದರು. ಮಂತ್ರ ಹೇಳುವ ಮನಸ್ಸಿರಲಿಲ್ಲ, ಬರಿದೇ ಜಿಗಿದರು. ಎರಡನೆಯದಕ್ಕೆ, ಹಿಂದಿನ ದಿನದಷ್ಟು ಜೋರಲ್ಲದಿದ್ದರೂ, ಟಕ್.

"ಕೇಳಿಸ್ತಾ?" ಮಾಮ ಗೆದ್ದವರಂತೆ ಕೂಗಿದರು.

"ಕೇಳಿಸ್ತು."

"ಎಲ್ಲಿಂದ ಬಂತು?"

"ಮೇಲಿಂದ."

"ಮೇಲೆ ಎಲ್ಲಿಂದ?"

"ಮಂಚದ ಮೇಲಿಂದ ಸಾರ್. ಮಂಚದಿಂದ ಅಲ್ಲ."

"ಮಂಚದ ಮೇಲೆ ನಾನೊಬ್ಬನೇ ಇರೋದು!"

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ."

ಮಾಮ ಇದನ್ನು ಕುಚೋದ್ಯವೆಂದು ತಿಳಿದರು. ಮುಖ ಕೆಂಪಾಯಿತು. ತಪ್ಪು ಒಪ್ಪಿಕೊಳ್ಳದವನ ಕೈಯಲ್ಲಿ ಉಳಿ ಇರಬಾರದು ಎಂದುಬಿಟ್ಟರು. ಮಾತು ಬಾಯಿಂದ ಬಿದ್ದ ಮೇಲೆ ಹೆಕ್ಕಿಕೊಳ್ಳಲು ಬರುವುದಿಲ್ಲ. ಬಡಗಿ ಕೆಳಗಿಂದ ಎದ್ದು ಬಂದು, ಬೆನ್ನಿನ ಧೂಳು ಕೊಡವಿಕೊಂಡು, ಯಜಮಾನಿಯ ಕಡೆ ತಿರುಗಿ ಹೇಳಿದ:

"ಬಾಗಿಲು ಮಾಡೋ ಕಾರ್ಖಾನೆಯವರು ಎರಡು ವರ್ಷದಿಂದ ಕರೀತಿದಾರೆ. ಬಾಗಿಲ ಮೇಲೆ ಯಾರೂ ಜಿಗಿಯಲ್ಲ. ಸೋಮವಾರದೊಳಗೆ ಇವರು ಬಿರುಕು ತೋರಿಸ್ಲಿ. ಇಲ್ಲಾಂದ್ರೆ ಆ ಮಂಚದ ಮುಂದೆ ನಿಂತು ತಪ್ಪಾಯ್ತು ಅನ್ಲಿ. ಎರಡೂ ಆಗದಿದ್ರೆ ನಾನು ಹೊರಟೆ."

"ಮಂಚದ ಮುಂದೆನಾ?" ಎಂದಳು ಯಜಮಾನಿ.

"ಬೈಸಿಕೊಂಡಿದ್ದು ಅದು ತಾನೇ?"

ಶನಿವಾರ ಸಂಜೆ ಅವನು ತನ್ನ ಉಳಿಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದ. ಮಾಮ ನೋಡಿಯೂ ನೋಡದವರಂತೆ ಕುರ್ಚಿಗಳ ಧೂಳು ಹೊಡೆದರು. ಒಂದೇ ಕುರ್ಚಿಯನ್ನು ನಾಲ್ಕು ಸಲ ಹೊಡೆದರು.

ಭಾನುವಾರದ ಊಟಕ್ಕೆ ಬಡಗಿ ಅಕ್ಕನ ಮನೆಗೆ ಬರುವುದು ವಾಡಿಕೆ. ಅಂದು ಮೂರನೆಯ ತಟ್ಟೆ ಖಾಲಿ ಉಳಿಯಿತು. ಮಾಮನ ಹೆಂಡತಿ ಅಂಗಡಿಗೆ ದಿಂಬಿನ ಹೊದಿಕೆ ಹೊಲಿದುಕೊಡುವವಳು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಪೂರ್ತಿ ಜಗಳವಾಡಬಲ್ಲ ಹೆಂಗಸು.

"ಅವನು ಮಾಡಿದ ತೊಟ್ಟಿಲು ಮೂರು ಮನೆ ತಿರುಗಿದೆ, ಒಂದು ಮೊಳೆ ಅಲ್ಲಾಡಿಲ್ಲ. ನಿಮ್ಮ ಕಿವಿ ತೋರಿಸ್ಕೊಂಡು ಬನ್ನಿ ಮೊದಲು."

"ನನ್ನ ಕಿವಿ ಸರಿಯಾಗೇ ಇದೆ. ನಿನ್ನ ತಮ್ಮನ ಮರ ಸರಿಯಿಲ್ಲ."

"ಎಲ್ಲಿಗೆ ಹೊರಟ್ರಿ?"

"ಅವನನ್ನು ಕರೆದು ತರ್ತೀನಿ. ಅನ್ನ ಆರ್ತಿದೆ." ಮಾಮ ಬಾಗಿಲ ಬಳಿ ಕೂತು ಬೂಟು ಹಾಕಿಕೊಳ್ಳಲು ಹೆಣಗುತ್ತಿದ್ದರು. ಬಲಗಾಲಿನದು ಹೋಯಿತು. ಎಡಗಾಲಿನದು ಹೋಗಲಿಲ್ಲ. ಒದ್ದರು, ನೂಕಿದರು, ಗೋಡೆಗೆ ಕೊಟ್ಟು ಒತ್ತಿದರು. "ಈ ಬೂಟು ಕುಗ್ಗಿದೆ ಕಣೇ. ಮೂರು ದಿನದಿಂದ ನೋಡ್ತಿದೀನಿ, ದಿನಕ್ಕಿಷ್ಟು ಕುಗ್ತಾ ಬಂದಿದೆ."

ಹೆಂಡತಿ ಬಾಯಿಂದ ಸೂಜಿ ತೆಗೆದಳು. "ಒಂದೇ ಕಾಲಿನ ಬೂಟು ಕುಗ್ಗುತ್ತೇನ್ರೀ?"

ಕಾಲುಚೀಲ ಎಳೆದು ನೋಡಿದರೆ ಎಡಗಾಲು ಬಲಗಾಲಿನ ಅಣ್ಣನಂತಿತ್ತು. ಬೆರಳಿಂದ ಹಿಮ್ಮಡಿಯವರೆಗೆ ಊದಿ, ಕೆಂಪಾಗಿ, ಮುಟ್ಟಿದರೆ ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬಿಸಿ. ಆಕೆ ಹೆಬ್ಬೆರಳಿಂದ ಒತ್ತಿದಳು.

"ನೋವಾಯ್ತಾ?"

"ಇಲ್ಲ."

ಇನ್ನೂ ಜೋರಾಗಿ ಒತ್ತಿದಳು. "ಈಗ?"

"ಒತ್ತು, ನೋಡೋಣ."

"ಒತ್ತಿದೀನಿ ರೀ!"

ಆಗ ಆಕೆಗೆ ಜಗಳ ಮರೆತುಹೋಯಿತು. ತಮ್ಮನಿಗೆ ಫೋನು ಮಾಡಿ, "ನಿಮ್ಮಿಬ್ಬರ ರಾಮಾಯಣ ಆಮೇಲೆ. ವ್ಯಾನು ತಗೊಂಡು ಬಾ" ಎಂದಳು.

ಅಂಗಡಿಯ ಸಾಮಾನು ಸಾಗಿಸುವ ವ್ಯಾನು ಬಂತು. ಹಿಂದೆ ಒಂದು ಹಾಸಿಗೆ ಹಾಸಿ, ಕಾಲನ್ನು ದಿಂಬಿನ ಮೇಲಿಟ್ಟು, ಮಾಮನನ್ನು ಎರಡು ಕಪಾಟುಗಳ ನಡುವೆ ಮಲಗಿಸಿದರು. ಬಡಗಿ ಹಳ್ಳ ಬಂದಲ್ಲೆಲ್ಲ ಗಾಜಿನ ಸಾಮಾನು ಹೇರಿದವನಂತೆ ನಿಧಾನವಾಗಿ ಇಳಿಸಿದ. ಆಸ್ಪತ್ರೆಯ ಕಾವಲುಗಾರ ವ್ಯಾನಿನ ಮೇಲಿನ ಮಂಚದ ಚಿತ್ರ ನೋಡಿ ಕೈ ಅಡ್ಡ ಹಿಡಿದ. "ಸಾಮಾನು ಹಿಂದಿನ ಗೇಟಿಗೆ!"

"ಸಾಮಾನಲ್ಲಪ್ಪ, ನನ್ನ ಗಂಡ!"

ಕಾವಲುಗಾರ ಒಳಗೆ ಇಣುಕಿದ. ಕಪಾಟುಗಳ ನಡುವಿನಿಂದ ಮಾಮ ಕೈ ಬೀಸಿದರು. ಅವನು ಯೋಚಿಸಿ ಹೇಳಿದ, "ಆದ್ರೂ ಈ ಗಾಡಿ ಹಿಂದಿನ ಗೇಟಿಗೇ."

ಎಕ್ಸ್‌ರೇ ಆಯಿತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿಧಾನದ ಮಾತಿನವರು. ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಕೇಳಿದರು, "ಪಾದದ ನಡುವೆ ಎರಡು ಮೂಳೆ ಮುರಿದಿವೆ. ಯಾವಾಗ ಬಿದ್ರಿ?"

"ನಾನು ಬಿದ್ದಿಲ್ಲ. ಜಿಗಿದೆ."

"ಎಲ್ಲಿಂದ?"

"ಮಂಚದಿಂದ ಮಂಚಕ್ಕೇ."

"ಯಾಕೆ?"

"ಅದೇ ನನ್ನ ಕೆಲಸ."

ಡಾಕ್ಟರಮ್ಮ ಅವರ ಹೆಂಡತಿಯತ್ತ ನೋಡಿದರು. ಆಕೆ ಹೌದೆಂದು ತಲೆಯಾಡಿಸಿದಳು. "ಸರಿ. ಜಿಗಿದಾಗ ಏನಾದ್ರೂ ಸದ್ದು ಕೇಳಿಸ್ತಾ? ಟಕ್ ಅಂತ?"

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಬಡಗಿ ಮೆಲ್ಲಗೆ ಎದ್ದ. ಬೆಳಕಿನ ಹಲಗೆಯ ಹತ್ತಿರ ಹೋಗಿ, ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ, ಮಾಮನ ಮೂಳೆಯನ್ನು ಬಹಳ ಹೊತ್ತು ನೋಡಿದ.

"ಬಿರುಕು ಸಿಕ್ತು," ಎಂದ.

ಅಕ್ಕನಿಗೆ ತಡೆಯಲಾಗಲಿಲ್ಲ. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ! ನೀವು ಕಾಲು ಮುರ್ಕೊಂಡು ಮಂಚ ಮುರೀತು ಅಂದ್ರಿ, ಮಾರನೇ ದಿನ ಮತ್ತೆ ಜಿಗಿದ್ರಿ!"

ಮಾಮ ಸುಲಭಕ್ಕೆ ಸೋಲುವವರಲ್ಲ. ಅಂಗಿಯ ಜೇಬಿನಿಂದ ಆ ತಪಾಸಣೆಯ ಹಾಳೆ ತೆಗೆದರು. ಶನಿವಾರವೇ, ಬಡಗಿಯ ಎದುರು ಸಾಕ್ಷಿಗೆ ಬೇಕಾದೀತೆಂದು, ಗಾಜಿನ ಕೆಳಗಿಂದ ತೆಗೆದು ಇಟ್ಟುಕೊಂಡಿದ್ದರು. "ಇಲ್ನೋಡಿ ಡಾಕ್ಟ್ರೇ. ಮೂಳೆ ದಟ್ಟವಾಗಿದೆ ಅಂತ ಮೆಷಿನ್ನೇ ಹೇಳಿದೆ."

"ಮೆಷಿನ್ ಸುಳ್ಳು ಹೇಳಿಲ್ಲ," ಎಂದರು ಡಾಕ್ಟರಮ್ಮ. "ಅದು ಮೂಳೆ ಎಷ್ಟಿದೆ ಅಂತ ಹೇಳುತ್ತೆ, ಹೇಗಿದೆ ಅಂತ ಹೇಳಲ್ಲ. ಬಿಸ್ಕತ್ತು ತಿಂತೀರಾ?"

ಮಾಮ ಉತ್ತರಿಸಲಿಲ್ಲ. ಉಳಿದಿಬ್ಬರೂ ಒಟ್ಟಿಗೆ ಉತ್ತರಿಸಿದರು.

"ಬಿಸ್ಕತ್ತು ಗಟ್ಟಿನೇ. ಬಗ್ಗಿಸಿ ನೋಡಿ, ಏನಾಗುತ್ತೆ? ಮೂಳೆ ಗಟ್ಟಿ ಇದ್ರೆ ಸಾಲದು, ಒಂಚೂರು ಬಳುಕಬೇಕು. ಮೂಳೆ ಒಳಗೆ ನಾರಿನಂಥ ಒಂದು ನೇಯ್ಗೆ ಇದೆ, ಬಳುಕೋ ಗುಣ ಅದರದು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಅದು ಆ ನಾರಿಗೆ ಅಂಟಿ ಪೆಡಸು ಮಾಡುತ್ತೆ. ಹಳೇ ಮೂಳೆ ತೆಗೆದು ಹೊಸದು ಕಟ್ಟೋ ಕೆಲಸನೂ ನಿಧಾನ ಆಗುತ್ತೆ. ಅದಕ್ಕೇ ನಿಮ್ಮಂಥವರಲ್ಲಿ ಸ್ಕ್ಯಾನ್ ಚೆನ್ನಾಗಿದ್ರೂ ಮೂಳೆ ಮುರಿಯೋ ಅಪಾಯ ಬೇರೆಯವರಿಗಿಂತ ಜಾಸ್ತಿ."

"ಮುರಿದ್ರೆ ನೋಯಬೇಕಲ್ಲ?" ಮಾಮನ ದನಿ ಅರ್ಧಕ್ಕಿಳಿದಿತ್ತು.

"ನೋಯಬೇಕು. ಅಂಗಾಲಿನ ನರಗಳೂ ಜೋಮು ಹಿಡಿದಿವೆ, ಅದೂ ಸಕ್ಕರೆದೇ ಕೆಲಸ. ನೋವು ಅನ್ನೋದು ಮನೆ ಕಾಯೋ ನಾಯಿ ಇದ್ದ ಹಾಗೆ. ನಿಮ್ಮನೇಲಿ ಅದು ನಿದ್ದೆ ಮಾಡ್ತಿದೆ. ಮೊದಲ ದಿನವೇ ನೋವಾಗಿದ್ರೆ ನೀವು ಇನ್ನೊಂದು ಸಲ ಜಿಗಿದು ಎರಡನೇ ಮೂಳೆ ಮುರ್ಕೊಳ್ತಿರಲಿಲ್ಲ. ಇದೇ ಕಾಲಲ್ಲಿ ಇನ್ನೊಂದು ತಿಂಗಳು ಓಡಾಡಿದ್ದಿದ್ರೆ ಪಾದದ ಆಕಾರವೇ ಹೋಗ್ತಿತ್ತು. ಊದಿದೆ, ಬಿಸಿಯಿದೆ, ನೋವಿಲ್ಲ ಅಂದ್ರೆ ಅವತ್ತೇ ಬರಬೇಕು."

ಪ್ಲಾಸ್ಟರ್ ಹಾಕಬೇಕು, ಒಳಗೆ ಹುಣ್ಣಾದರೂ ಇವರಿಗೆ ತಿಳಿಯದ ಕಾರಣ ವಾರ ವಾರ ಬಿಚ್ಚಿ ನೋಡಿ ಹೊಸದು ಹಾಕಬೇಕು, ಆ ಕಾಲು ನೆಲಕ್ಕೆ ಊರದೆ ಮೇಲೆತ್ತಿಟ್ಟುಕೊಳ್ಳಬೇಕು, ಕೂಡಿಕೊಳ್ಳಲು ಬೇರೆಯವರಿಗಿಂತ ಹೆಚ್ಚು ತಿಂಗಳು ಹಿಡಿಯುತ್ತದೆ, ಸಕ್ಕರೆ ಹಿಡಿತಕ್ಕೆ ಬಂದಷ್ಟೂ ಒಳ್ಳೆಯದು ಎಂದರು. ಕೊನೆಗೆ, "ಜಿಗಿಯೋದು ಇನ್ನು ಮುಗೀತು" ಎಂದರು.

"ಮೂಳೆ ಕೂಡಿದ ಮೇಲೆ?"

"ಆಮೇಲೂ."

"ದಪ್ಪ ಹಾಸಿಗೆ ಹಾಕ್ಕೊಂಡು?"

"ಹಾಸಿಗೆ ಮಲಗೋಕೆ."

ವಾಪಸು ಬರುವಾಗ ವ್ಯಾನಿನ ಹಿಂಭಾಗದಿಂದ ಮಾಮ ಮುಂದಿನ ಸೀಟಿಗೆ ಕೇಳುವಂತೆ ಕೇಳಿದರು, "ಆ ಬಾಗಿಲು ಕಾರ್ಖಾನೆಗೆ ನಾಳೆ ಎಷ್ಟು ಹೊತ್ತಿಗೆ ಹೋಗ್ಬೇಕು ನೀನು?"

"ಅದು ನಿಮಗೆ ಬಿಟ್ಟಿದ್ದು ಸಾರ್. ಬಿರುಕೇನೋ ತೋರಿಸಿದ್ರಿ. ಆದ್ರೆ ಮಂಚದ್ದಲ್ಲ."

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದಾಗ ಮಾಮ ಗಾಲಿಕುರ್ಚಿಯಲ್ಲಿ ಬಂದರು. ಯಜಮಾನಿ ಅವರ ಅಪ್ಪಣೆಯಂತೆ ಬುಧವಾರದ ಗಿರಾಕಿ ದಂಪತಿಯನ್ನೂ ಫೋನು ಮಾಡಿ ಕರೆಸಿದ್ದಳು. ಬೈದದ್ದು ಯಾರ ಎದುರಿಗೋ ಒಪ್ಪಿಕೊಳ್ಳುವುದೂ ಅವರ ಎದುರಿಗೇ ಎಂದು ಮಾಮನ ಹಟ. ಬಡಗಿ ಬಾಗಿಲಿಗೆ ಒರಗಿ ನಿಂತಿದ್ದ. ಉಳಿಯ ಗಂಟು ಕಂಕುಳಲ್ಲೇ ಇತ್ತು.

ಮಾಮ ಮಂಚಕ್ಕೆ ಎದುರಾಗಿ ಕುರ್ಚಿ ನಿಲ್ಲಿಸಿಕೊಂಡರು. ಏನೆಂದು ಸಂಬೋಧಿಸಬೇಕೆಂದು ತಿಳಿಯದೆ ಒಮ್ಮೆ ಕೆಮ್ಮಿದರು.

"ನೋಡಪ್ಪಾ ಮಂಚ," ಎಂದರು. "ಮುರಿದಿದ್ದು ನೀನಲ್ಲ, ನಾನು. ನನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿತ್ತು, ನಿನ್ನ ತಟ್ಟೇಲಿ ನೊಣ ಹುಡುಕಿದೆ. ನಿನಗೂ ತಪ್ಪಾಯ್ತು, ನಿನ್ನನ್ನು ಮಾಡಿದವನಿಗೂ ತಪ್ಪಾಯ್ತು."

ಯಜಮಾನಿ ಪೆನ್ನಿನ ಮುಚ್ಚಳ ಕಚ್ಚಿ ನಗು ತಡೆದಳು. ಗಿರಾಕಿಯ ಹೆಂಡತಿ ಮುಂದೆ ಬಂದಳು. "ಅಂದ್ರೆ, ನೀವು ಜಿಗಿದು ನಿಮ್ಮ ಮೂಳೆ ಮುರೀತು, ಮಂಚ ಮುರೀಲಿಲ್ಲ?"

"ಹೌದು ತಾಯಿ."

"ಎರಡು ಮೂಳೆ?"

"ಎರಡು."

ಆಕೆ ಗಂಡನ ಕಡೆ ತಿರುಗಿದಳು. "ಇದೇ ಇರಲಿ ರೀ. ಇದಕ್ಕಿಂತ ಗಟ್ಟಿ ಮಂಚ ಎಲ್ಲಿ ಸಿಗುತ್ತೆ?"

ಬಾಗಿಲ ಬಳಿಯಿಂದ ಬಡಗಿ ನಡೆದು ಬಂದ. ಪ್ಲಾಸ್ಟರಿನ ಕಾಲು ಕುರ್ಚಿಯ ಮೆಟ್ಟಿಲಿಂದ ಜಾರಿ ನೇತಾಡುತ್ತಿತ್ತು. ಸ್ಟೂಲೊಂದನ್ನು ಎಳೆದು, ಉಳಿಯ ಗಂಟನ್ನು ದಿಂಬಿನಂತೆ ಅದರ ಮೇಲಿಟ್ಟು, ಕಾಲನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಇಳಿಸಿದ.

"ಕಾಲು ಮೇಲಿರಬೇಕು ಅಂತ ಡಾಕ್ಟ್ರು ಹೇಳಿಲ್ವಾ, ಭಾವ?" ಎಂದ.

ಮಾಮ ಆ ಮೇಲೆ ಕನ್ನಡಕವನ್ನು ಬಹಳ ಹೊತ್ತು ಒರೆಸಿದರು.

ಜಿಗಿಯುವ ಕೆಲಸವನ್ನು ಬಡಗಿಗೆ ವಹಿಸಿ ನೋಡಿದ್ದಾಯಿತು. ಅವನು ಜಿಗಿದರೆ ಮಂಚಕ್ಕೇ ತಿಳಿಯುವುದಿಲ್ಲ, ಇನ್ನು ಗಿರಾಕಿಗೆ ಎಲ್ಲಿ ತಿಳಿಯಬೇಕು. ಕೊನೆಗೆ ಅವನು ಮರ ತೂಗುವ ತಕ್ಕಡಿಯಲ್ಲಿ ಭಾವನನ್ನು ಕೂರಿಸಿ, ಪ್ಲಾಸ್ಟರಿನ ತೂಕ ಕಳೆದು, ಅಷ್ಟೇ ತೂಕದ ಮರಳಿನ ಮೂಟೆಯೊಂದನ್ನು ಕಟ್ಟಿದ. ಅಕ್ಕ ಅದಕ್ಕೆ ಗಂಡನ ಹಳೆಯ ಅಂಗಿ ಹೊಲಿದು ತೊಡಿಸಿದಳು. ಹೊಟ್ಟೆಯ ಹತ್ತಿರ ಗುಂಡಿ ಹಾಕುವಾಗ ಇದು ಪಕ್ಕಾ ಅಳತೆ ಎಂದಳು. ಬೀದಿಯವರು ಅದನ್ನು ಮರಿಮಾಮ ಎನ್ನುತ್ತಾರೆ. ಮರಿಮಾಮ ಸೂರಿನ ರಾಟೆಗೆ ನೇತಾಡುತ್ತಾನೆ. ಬಡಗಿ ಹಗ್ಗ ಬಿಡುತ್ತಾನೆ. ಮಾಮ ಕಾಲು ಚಾಚಿ ಕೂತು ಮಂತ್ರ ಹೇಳುತ್ತಾರೆ. ನಾಲ್ಕನೆಯ ಸಾಲನ್ನು ಕೈಬಿಟ್ಟಿದ್ದಾರೆ. ಡ್ರಾಯರುಗಳನ್ನು ದಿನಾ ಬೆಳಿಗ್ಗೆ ಯಜಮಾನಿ ತಾನೇ ತೆಗೆದು ನೋಡುತ್ತಾಳೆ.

ಬರುವ ಬುಧವಾರ ಪ್ಲಾಸ್ಟರ್ ಬದಲಿಸಬೇಕು. ವ್ಯಾನಿನಲ್ಲಿ ಹಾಸಿಗೆ ಹಾಸಿಯೇ ಇದೆ. ಗಾಡಿ ಮಾತ್ರ ಆಸ್ಪತ್ರೆಯ ಹಿಂದಿನ ಗೇಟಿಗೇ ಹೋಗಬೇಕು.